ಗೊಲ್ಲಾಳನ ಉಸಿರು, ನೀಲಗಂಗವ್ವನ ಹೂಜಿ

ಡೋಣಿ ನದಿಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಹೋಮವಿಲ್ಲ, ಜಪವಿಲ್ಲ. ಇದ್ದದ್ದು ಒಂದು ದೊಡ್ಡ ಒಲೆ. ಆ ಒಲೆಯಲ್ಲಿ ಮರಳು ಕರಗಿ ಗಾಜಾಗುತ್ತಿತ್ತು, ಗಾಜು ಹಿಗ್ಗಿ ಹೂಜಿಯಾಗುತ್ತಿತ್ತು.

ಆ ಹೂಜಿಗಳ ಹೆಸರು ಎಷ್ಟು ದೂರ ಹೋಗಿತ್ತೆಂದರೆ, ದ್ರಾಕ್ಷಿ ಬಳ್ಳಿಗಳು ಚಿಗುರುವ ಮೊದಲೇ ತಾವು ಯಾವ ಹೂಜಿಗೆ ಇಳಿಯಬೇಕೆಂದು ತಮ್ಮತಮ್ಮಲ್ಲೇ ಜಗಳಾಡುತ್ತಿದ್ದವಂತೆ.

ಪೀಪಾಯಿಯಲ್ಲಿ ವರ್ಷಗಟ್ಟಲೆ ಮುಖ ಗಂಟಿಕ್ಕಿಕೊಂಡು ಕೂತ ದ್ರಾಕ್ಷಾರಸವನ್ನು ಈ ಹೂಜಿಗೆ ಬಗ್ಗಿಸಿ ಸ್ವಲ್ಪ ಹೊತ್ತು ಬಿಟ್ಟರೆ ಸಾಕು. ಗಸಿ ತಳಕ್ಕಿಳಿಯುತ್ತಿತ್ತು, ರಸ ಗಾಳಿ ಕುಡಿಯುತ್ತಿತ್ತು, ಲೋಟಕ್ಕೆ ಬರುವಾಗ ನಗುತ್ತಾ ಬರುತ್ತಿತ್ತು. ಪೇಟೆಯವರು ಇಂಥದ್ದನ್ನು ಡಿಕ್ಯಾಂಟರ್ ಅನ್ನುತ್ತಾರೆ. ಡೋಣಿ ದಂಡೆಯವರು ಹೂಜಿ ಎಂದೇ ಕರೆದರು. ಹೂಜಿಯೂ ಬೇಜಾರು ಮಾಡಿಕೊಳ್ಳಲಿಲ್ಲ.

ಆಶ್ರಮದ ಗುರು ಕಲ್ಲಿನಾಥಜ್ಜ. ಜೀವಮಾನದಲ್ಲಿ ಒಂದು ಹನಿ ದ್ರಾಕ್ಷಾರಸ ನಾಲಿಗೆಗೆ ತಾಗಿಸಿದವರಲ್ಲ. ಅವರದೇನಿದ್ದರೂ ಮಜ್ಜಿಗೆ.

ಶಿಷ್ಯ ಗೊಲ್ಲಾಳ.

ಗೊಲ್ಲಾಳನ ಉಸಿರಿನ ವಿಷಯ ಹೇಳಿದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಸ್ವಲ್ಪ ಕಡಿಮೆ ಮಾಡಿಯೇ ಹೇಳಬೇಕು. ರಾಶಿಯ ದಿನ ಗಾಳಿ ಬೀಸದಿದ್ದರೆ ಊರವರು ಇವನನ್ನು ಕರೆಸಿ ಕಣದ ಅಂಚಿನಲ್ಲಿ ನಿಲ್ಲಿಸುತ್ತಿದ್ದರು. ಒಂದೇ ಊದು. ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ, ಹೊಲದ ಯಜಮಾನ ಇನ್ನೊಂದು ಕಡೆ.

ಮನೆತನ ಸನಾದಿ ನುಡಿಸುವವರದು. ಆದರೆ ಗೊಲ್ಲಾಳ ಮೊದಲ ಸಲ ಮದುವೆಯಲ್ಲಿ ಸನಾದಿ ಊದಿದಾಗ ಅದರ ಬಾಯಿಗಿದ್ದ ಪೀಪಿ ಸೀಳಿಹೋಯಿತು, ಮದುಮಗನ ರುಮಾಲು ಹಾರಿ ಹುಣಸೆಮರದ ಮೇಲೆ ಕೂತಿತು. ಅಪ್ಪ ಅಲ್ಲೇ ಸನಾದಿ ಕಸಿದುಕೊಂಡ.

"ನಿನ್ನ ಉಸಿರು ಹಿಡಿಯೂ ಕೊಳವಿ ಈ ಭೂಮಿ ಮ್ಯಾಲ ಎಲ್ಲ್ಯಾರ ಇದ್ರ ಹುಡುಕ್ಕೊಂಡು ಹೋಗಪಾ," ಎಂದ.

ಹುಡುಕಿಕೊಂಡು ಬಂದದ್ದು ಇಲ್ಲಿಗೆ. ಗಾಜು ಊದುವ ಕಬ್ಬಿಣದ ಕೊಳವೆ ಕಂಡ ದಿನ ಗೊಲ್ಲಾಳನಿಗೆ ತಾನು ಹುಟ್ಟಿದ್ದೇ ಇದಕ್ಕೆ ಅನ್ನಿಸಿತು. ಇಲ್ಲಿಯೂ ಆಗದಿದ್ದರೆ ಮುಂದೆ ದಾರಿಯಿರಲಿಲ್ಲ. ಅಡುಗೆ ಒಲೆ ಊದಬಹುದಿತ್ತು. ಆದರೆ ಆ ಉಸಿರಿಗೆ ಒಲೆಯ ಜೊತೆ ಅಡುಗೆಯೂ ಹೋಗುತ್ತಿತ್ತು.

ಒಂದು ದಿನ ಅವನು ಕೇಳಿದ: "ಅಜ್ಜಾರ, ನೀವು ಕುಡಿಯೂದಿಲ್ಲ. ಹೂಜಿ ಹೆಂಗಿರಬೇಕಂತ ನಿಮಗ ಹೆಂಗ ಗೊತ್ತಾತು?"

"ಕುಡಿದವರು ಹೇಳ್ತಾರ."

"ಎಲ್ಲಾ ಹೇಳ್ತಾರೇನ್ರಿ?"

"ಕುಡಿದವರು ಏನರ ಮುಚ್ಚಿಡ್ತಾರೇನೋ ತಮ್ಮಾ?"

ಆ ಹೊತ್ತಿಗೆ ಬಾಗಿಲಲ್ಲಿ ಬಳೆ ಸದ್ದಾಯಿತು. ನೀಲಗಂಗವ್ವ ಬಂದಳು. ದಂಡೆಯ ಮೇಲಿನ ದ್ರಾಕ್ಷಿ ತೋಟ ಅವಳದು, ಪೀಪಾಯಿಗಳೂ ಅವಳವು.

"ಅಜ್ಜಾರ, ನನ್ನ ಮಾನ ಹೋಗೈತಿ, ಒಂದು ಹೂಜಿ ಕೊಡ್ರಿ."

"ಮಾನ ಹೆಂಗ ಹೋತವ್ವಾ?"

"ಹೋದ ಸಲ ಬೀಗರು ಬಂದಾಗ ಹೂಜಿ ಇದ್ದಿಲ್ಲ, ಪೀಪಾಯಿಂದ ಸೀದಾ ಲೋಟಕ್ಕ ಹಾಕಿದೆ. ದೊಡ್ಡ ಬೀಗನ ಮೀಸಿಗೆ ಗಸಿ ಮೆತ್ತಿಕೊಂತು. 'ಬೀಗತಿ, ರಸ ಕೊಟ್ಟೀಯೋ, ಹೊಲದ ಕೆಸರು ಕೊಟ್ಟೀಯೋ' ಅಂತ ಎಲ್ಲಾರ ಮುಂದ ಕೇಳಿದ. ಮಗಳು ಅಲ್ಲೇ ಬಾಳ್ವೆ ಮಾಡಬೇಕಲ್ರಿ. ದಿನಾ ಅದನ್ನ ಅಂತಾರಂತ. ಅಮಾಸಿಗೆ ಮತ್ತ ಬರ್ತಾರ."

ಅಜ್ಜ ಮಜ್ಜಿಗೆ ಲೋಟ ಕೆಳಗಿಟ್ಟರು. "ಈ ಸಲದ ಹೂಜಿ ಗೊಲ್ಲಾಳ ಮಾಡ್ತಾನ."

ನೀಲಗಂಗವ್ವ ಗೊಲ್ಲಾಳನನ್ನು ಮೇಲಿಂದ ಕೆಳಗೆ ನೋಡಿದಳು. "ಇವನಾ? ಮೊನ್ನೆ ಬೇಲಿ ಹೊರಗ ನಿಂತು ಸೀನಿ, ಒಳಗ ನನ್ನ ಗೊಂಚಲ ಉದುರಿಸಿದಾವ?"

"ಅದು ಗಾಳಿ ಬೀಸಿದ್ದು ಯವ್ವಾ," ಎಂದ ಗೊಲ್ಲಾಳ.

"ಗಾಳಿಗೆ ನೆಗಡಿ ಆಗಿತ್ತೇನೋ?"

ಅವಳು ಹೋದ ಮೇಲೆ ಅಜ್ಜ ಹೇಳಿದರು: "ಆಕಿ ಒಪ್ಪಿದ್ರ ಒಲಿಯ ಎರಡನೇ ಬಾಯಿ ನಿಂದು. ನೀನೂ ಒಬ್ಬ ಊದುಗಾರ."

"ಒಪ್ಪದಿದ್ರ?"

"ಒಪ್ಪದಿದ್ರ ನಿನ್ನ ಉಸಿರಿಗೆ ಬ್ಯಾರೆ ಕೆಲಸ ಹುಡುಕೂಣು."

ಬೇರೆ ಕೆಲಸ ಇಲ್ಲವೆಂದು ಗೊಲ್ಲಾಳನಿಗೆ ಗೊತ್ತಿತ್ತು. ಆದರೂ ಎದೆಯುಬ್ಬಿಸಿ ನದಿಯ ಕಡೆ ತಿರುಗಿದ. "ನೋಡ್ತಿರ್ರಿ. ಹಿಂದ ಯಾರೂ ಮಾಡಿರಬಾರದು, ಮುಂದ ಯಾರೂ ಮಾಡಬಾರದು, ಅಂಥಾದ್ದು ಮಾಡ್ತೀನಿ."

ದಂಡೆಯ ಕಪ್ಪೆಗಳು ಮಾತು ನಿಲ್ಲಿಸಿ ಕೇಳಿದವು. ಅಷ್ಟು ದೊಡ್ಡ ಮಾತು ಅವುಗಳೂ ಕೇಳಿರಲಿಲ್ಲ.

ಗೊಲ್ಲಾಳ ಒಂದು ನವಿಲು ಮಾಡಿದ.

ಸಾಮಾನ್ಯ ನವಿಲಲ್ಲ. ಹೊಟ್ಟೆಯೇ ಹೂಜಿ. ಕತ್ತು ಜಿಲೇಬಿಯ ಹಾಗೆ ಸುತ್ತಿ ಸುತ್ತಿ ಮೇಲೆ ಹೋಗಿ ಕೊಕ್ಕಿನಲ್ಲಿ ಮುಗಿಯುತ್ತಿತ್ತು. ಹಿಂದೆ ಗಾಜಿನ ಗರಿಗಳು. ಬೆಚ್ಚಗಿನ ಬೂದಿಯಲ್ಲಿ ಹೂತು ನಿಧಾನಕ್ಕೆ ಆರಿಸಿ ಹೊರತೆಗೆದಾಗ, ತೋಟದ ನಿಜವಾದ ನವಿಲುಗಳು ಬಂದು ನೋಡಿ, ನಾಚಿ, ಒಂದು ವಾರ ಗರಿ ಬಿಚ್ಚಲಿಲ್ಲ.

ಅಜ್ಜ ಅದರ ಸುತ್ತ ನಡೆದರು. "ಚೆಂದ ಐತಿ."

ಗೊಲ್ಲಾಳ ಗಾಜಿಗಿಂತ ಹೆಚ್ಚು ಹಿಗ್ಗಿದ.

"ಭಾಳ ಚೆಂದ ಐತಿ. ಇದು ಏನ ತಿಂತೈತಿ?"

"ತಿನ್ನೂದಾ? ಇದು ಹೂಜಿ ರೀ ಅಜ್ಜಾರ!"

"ಹೌದಾ! ಹೇಳಿದ್ದು ಚಲೋ ಆತು. ನಾ ಕಾಳು ತರಾಕ ಹೊಂಟಿದ್ದೆ."

ನೀಲಗಂಗವ್ವ ರಸ ತಂದಳು. ಲಾಳಿಕೆಯಿಟ್ಟು ಸುರಿದಳು. ನವಿಲು ಕುಡಿಯಿತು. ಲೋಟದ ಮೇಲೆ ಬಗ್ಗಿಸಿದಳು. ಏನೂ ಬರಲಿಲ್ಲ. ಇನ್ನಷ್ಟು ಬಗ್ಗಿಸಿದಳು. ಒಳಗೆ ಗುಳುಗುಳು ಅಂತು. ತಲೆಕೆಳಗು ಮಾಡಿದಳು.

ನವಿಲು ಸೀನಿತು. ಅಷ್ಟೂ ರಸ ಅವಳ ಹೊಸ ಇಳಕಲ್ ಸೀರೆಯ ಮೇಲೆ.

"ಥೇಟ್ ನಿನ್ನಂಗ ಸೀನ್ತದ ನೋಡೋ ಇದೂ," ಎಂದು ಸೆರಗು ಹಿಂಡುತ್ತಾ ಹೋದಳು.

"ಅಜ್ಜಾರ, ಎಲ್ಲಿ ತಪ್ಪಿದೆ?"

ಅಜ್ಜ ಒಂದು ಅರಿವೆ ತುಂಡು ಕೊಟ್ಟರು. "ಮೊದಲ ಇದರ ಒಳಗ ತೊಳಿ."

ಗೊಲ್ಲಾಳ ಬೆರಳು ಹಾಕಿದ. ಕಡ್ಡಿ ಹಾಕಿದ. ಮರಳು ಹಾಕಿ ಅಲ್ಲಾಡಿಸಿದ. ಮರಳೂ ಸುತ್ತಿನಲ್ಲಿ ಸಿಕ್ಕಿಕೊಂಡು ಕೂತಿತು. ಹೊತ್ತು ಇಳಿಯುವ ತನಕ ತೊಳೆದ.

"ಅರಿವಿ ಒಳಗ ಹೋಗವಲ್ದು ರೀ. ದಾರಿನ ಸಿಗವಲ್ದು."

"ರಸಕ್ಕೂ ಹಂಗ ಆಗಿತ್ತು," ಎಂದರು ಅಜ್ಜ.

ಗೊಲ್ಲಾಳನಿಗೆ ತಿಳಿಯಿತು. ಗರಿ ಬೇಡ, ಸುತ್ತು ಬೇಡ. ನೇರ ಕತ್ತು, ದುಂಡು ಹೊಟ್ಟೆ. ಹಾಗಾದರೆ ದೊಡ್ಡದಾದರೂ ಇರಲಿ! ತನ್ನ ಉಸಿರು ಎಂಥದ್ದೆಂದು ಲೋಕಕ್ಕೆ ಗೊತ್ತಾಗುವುದು ಬೇರೆ ಹೇಗೆ?

ಕೊಳವೆಗೆ ಬಾಯಿಟ್ಟ. ಹಿಂದಿನ ಜೋಳದ ರಾಶಿಗಳನ್ನೆಲ್ಲ ನೆನೆಸಿಕೊಂಡು ಊದಿದ. ಗಾಜು ನಿಂಬೆಕಾಯಿಯಾಯಿತು, ತೆಂಗಿನಕಾಯಿಯಾಯಿತು, ಕುಂಬಳಕಾಯಿಯಾಯಿತು. ಬಿಸಿಲಿಗೆ ದಣಿದ ಎರಡು ಕುರಿ ಅದರ ನೆರಳಿಗೆ ಬಂದು ಮಲಗಿದವು.

"ಅಜ್ಜಾರ, ಅರ್ಧ ಪೀಪಾಯಿ ಹಿಡಿತೈತ್ರಿ ಇದರಾಗ!"

"ಪೀಪಾಯಿ ಹೆಂಗೂ ಐತಲ್ಲೋ ಆಕಿ ಹತ್ರ," ಎಂದರು ಅಜ್ಜ. ಗೊಲ್ಲಾಳನಿಗೆ ಕೇಳಿಸಲಿಲ್ಲ. ಕಿವಿಯಲ್ಲಿ ಇನ್ನೂ ಅವನ ಉಸಿರೇ ಮೊರೆಯುತ್ತಿತ್ತು.

ನೀಲಗಂಗವ್ವ ಹಳೆಯ ಸೀರೆ ಉಟ್ಟುಕೊಂಡು ಬಂದಳು. ಕತ್ತಿನ ತನಕ ರಸ ತುಂಬಿಸಿದಳು. ತಂಬಿಗೆಯ ಮೇಲೆ ತಂಬಿಗೆ, ಸುರಿದಷ್ಟೂ ಹಿಡಿಯಿತು. ಸ್ವಲ್ಪ ಹೊತ್ತು ಬಿಟ್ಟು, ಮೇಲಿಂದ ಒಂದು ಸೌಟು ತೆಗೆದು ನೆಕ್ಕಿ ನೋಡಿದಳು.

"ಇನ್ನೂ ಮುಖ ಗಂಟ ಹಾಕ್ಕೊಂಡೈತಿ. ಗಾಳಿ ಆಡಾಕ ಜಾಗ ಎಲ್ಲೈತಿ ಇದರಾಗ?"

"ಲೋಟಕ್ಕ ಹಾಕ್ರಿ ಯವ್ವಾ, ಸರಿ ಹೋಗತೈತಿ."

ಅವಳು ಕತ್ತು ಹಿಡಿದು ಎತ್ತಿದಳು.

ಕತ್ತು ಬಂತು. ಹೊಟ್ಟೆ ಅಲ್ಲೇ ಉಳಿಯಿತು.

ಅಷ್ಟು ಊದಿದ್ದಕ್ಕೆ ಹೆಗಲಿನ ಗಾಜು ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಒಂದು ಕ್ಷಣ ಬಿಟ್ಟು ಹೊಟ್ಟೆಯೂ ಬಿರಿಯಿತು. ರಸ ಅಂಗಳ ದಾಟಿ, ದಂಡೆ ಇಳಿದು, ಡೋಣಿಗೆ ಸೇರಿತು. ಆ ಸಂಜೆ ಮೀನುಗಳು ಹಾಡುತ್ತಿದ್ದುದನ್ನು ಆಚೆ ದಡದವರೂ ಕೇಳಿದ್ದಾರೆ. ರಾಗ ಮಾತ್ರ ಯಾರಿಗೂ ಗುರುತು ಸಿಗಲಿಲ್ಲ.

ನೀಲಗಂಗವ್ವ ಈ ಸಲ ನಗಲಿಲ್ಲ. ಕೈಯಲ್ಲಿದ್ದ ಗಾಜಿನ ಕತ್ತನ್ನು ಮೆಲ್ಲಗೆ ಕೆಳಗಿಟ್ಟಳು.

"ತಮ್ಮಾ, ಬೀಗರು ಬಂಡಿ ಕಟ್ಟಾಕತ್ತಾರಂತ ಸುದ್ದಿ ಬಂದೈತಿ. ನಿನ್ನ ಕೈಲಿ ಆಗೂದಿಲ್ಲಂದ್ರ ಈಗ ಹೇಳಿಬಿಡು. ನನ್ನ ಮಗಳು ಆ ಮನ್ಯಾಗ ತಲಿ ಎತ್ತಿ ಓಡಾಡಬೇಕು."

ಜೀವನದಲ್ಲಿ ಮೊದಲ ಸಲ ಗೊಲ್ಲಾಳನಿಗೆ ಉಸಿರು ಸಾಲಲಿಲ್ಲ.

ಮರುದಿನ ಮುಂಜಾನೆ ಅವನು ಗಂಟು ಕಟ್ಟಿ ದಂಡೆಯ ಮೇಲೆ ಕೂತಿದ್ದ. ಕಲ್ಲಿನಾಥಜ್ಜ ಬಂದು ಪಕ್ಕದಲ್ಲಿ ಕೂತರು.

"ಎಲ್ಲಿಗೆ ಹೊಂಟಿ?"

"ಗೊತ್ತಿಲ್ರಿ."

"ಅದು ದೂರ ಆಗತೈತೇನು?"

ಗೊಲ್ಲಾಳ ನಗಲಿಲ್ಲ. "ಅಜ್ಜಾರ, ನನ್ನ ಹತ್ರ ಇರೂದ ಈ ಉಸಿರೊಂದು. ಸನಾದಿಗೂ ಹೆಚ್ಚಾತು, ಗಾಜಿಗೂ ಹೆಚ್ಚಾತು. ಇನ್ನ ಇದನ್ನ ತಗೊಂಡು ಎಲ್ಲಿಗೆ ಹೋಗ್ಲಿ?"

ಅಜ್ಜ ಕಣ್ಣು ಕಿರಿದು ಮಾಡಿದರು. "ಹೋಗೂ ಮೊದಲ ಒಂದು ಉಪಕಾರ ಮಾಡು. ಒಲಿ ಬೂದಿ ಕಣ್ಣಾಗ ಬಿದ್ದೈತಿ. ಸ್ವಲ್ಪ ಊದು."

ಗೊಲ್ಲಾಳ ಗಂಟು ಬದಿಗಿಟ್ಟ. ಅಜ್ಜನ ಗಲ್ಲ ಹಿಡಿದ. ಎರಡು ಬೆರಳಲ್ಲಿ ರೆಪ್ಪೆ ಅಗಲಿಸಿದ. ತುಟಿ ಹತ್ತಿರ ತಂದು, ಉಫ್, ಎಂದು ಊದಿದ. ಅಜ್ಜನ ಹುಬ್ಬಿನ ಕೂದಲೂ ಅಲುಗಲಿಲ್ಲ.

"ಹೋತೇನ್ರಿ?"

"ಹೋತು. ಇಷ್ಟು ಸಣ್ಣ ಊದು ನಿನಗ ಯಾರು ಕಲಿಸಿದ್ರು?"

"ಇದಕ್ಕ ಕಲಿಸೂದೇನ್ರಿ? ಕಣ್ಣಲ್ಲೇನ್ರಿ ಅದು!"

"ಮತ್ತ ಗಾಜು ಏನಂತ ತಿಳಿದಿದ್ದಿ?"

ಗೊಲ್ಲಾಳ ಅಜ್ಜನ ಮುಖ ನೋಡಿದ. ಒಲೆಯ ಕಡೆ ನೋಡಿದ. ಗಂಟನ್ನು ಅಲ್ಲೇ ಬಿಟ್ಟು ಎದ್ದ.

ಒಲೆಯ ಮುಂದೆ ಅಜ್ಜ ಕೊಳವೆಯ ತುದಿಗೆ ಕರಗಿದ ಗಾಜಿನ ಮುದ್ದೆ ಹಿಡಿದರು. ಕೆಂಪು ಬೆಲ್ಲದ ಪಾಕದ ಹಾಗೆ ಅದು ಜೋಲುತ್ತಿತ್ತು. ಕೊಳವೆಯನ್ನು ತಿರುಗಿಸುತ್ತಲೇ ಗೊಲ್ಲಾಳನ ಕೈಗೆ ಕೊಟ್ಟರು.

"ಕಣ್ಣಾಗಿನ ಕಸಕ್ಕ ಊದಿದಷ್ಟ ಊದು."

ಊದಿದ. ಉಫ್.

"ಈಗ ಕೊಳವಿ ಬಾಯಿಗೆ ಹೆಬ್ಬೆಟ್ಟು ಒತ್ತು."

ಒತ್ತಿದ.

"ಈಗ ಏನ ಮಾಡ್ಲಿ?"

"ಸುಮ್ಮನಿರು."

"ಅಷ್ಟ?"

"ಅಷ್ಟ. ನಿನಗ ಅದ ತ್ರಾಸು, ನನಗ ಗೊತ್ತೈತಿ."

ಗೊಲ್ಲಾಳ ಸುಮ್ಮನಿದ್ದ. ಮುಖ ಕೆಂಪಾಯಿತು, ಕಿವಿ ಕೆಂಪಾದವು. ಬೆಟ್ಟ ಹೊರುವುದು ಇದಕ್ಕಿಂತ ಹಗುರ ಅನ್ನಿಸಿತು.

ಆಮೇಲೆ ಕಂಡ. ಮುದ್ದೆಯೊಳಗೆ ಒಂದು ಸಣ್ಣ ಗುಳ್ಳೆ. ಅದು ದೊಡ್ಡದಾಯಿತು. ಇನ್ನೂ ದೊಡ್ಡದಾಯಿತು. ಯಾರೂ ಊದುತ್ತಿರಲಿಲ್ಲ. ಒಳಗೆ ಸಿಕ್ಕ ಆ ಒಂದು ಚಿಟಿಕೆ ಉಸಿರು ಗಾಜಿನ ಬಿಸಿಗೆ ತಾನೇ ಹಿಗ್ಗಿ, ಗಾಜನ್ನು ಎಲ್ಲ ಕಡೆಗೂ ಒಂದೇ ಸಮ ದೂಡುತ್ತಿತ್ತು.

"ಅಜ್ಜಾರ! ಅಲ್ಲಿ ನೋಡ್ರಿ! ತಾನಾಗೇ ಬೆಳಿಯಾಕತ್ತೈತಿ!" ಎಂದು ಕೈ ಮಾಡಿ ತೋರಿಸಿದ.

ತೋರಿಸಿದ ಕೈ ಹೆಬ್ಬೆಟ್ಟಿನದು. ಉಸಿರು ಹೊರಗೆ ಹೋಯಿತು, ಗುಳ್ಳೆ ಅಲ್ಲಿಗೇ ನಿಂತಿತು.

"ನಾ ನೋಡಾಕತ್ತೀನೋ ಮಾರಾಯಾ," ಎಂದರು ಅಜ್ಜ. "ನನಗ ಕಣ್ಣದಾವು. ಈಗಷ್ಟ ಒಂದು ಸ್ವಚ್ಛ ಮಾಡಿಸಿಕೊಂಡೀನಿ. ಮತ್ತೊಮ್ಮೆ."

ಮತ್ತೊಮ್ಮೆ ಊದಿದ, ಒತ್ತಿದ, ಸುಮ್ಮನಿದ್ದ. ಈ ಸಲ ಬೆರಳು ಕದಲಲಿಲ್ಲ.

ಗಾಜು ಹಿಗ್ಗಿತು. ಆರುತ್ತಾ ಬಂದಾಗ ಮತ್ತೆ ಒಲೆಗೆ ಹಿಡಿದರು, ಮತ್ತೆ ಒಂದು ಸಣ್ಣ ಊದು, ಮತ್ತೆ ಹೆಬ್ಬೆಟ್ಟು. ಕೊಳವೆಯನ್ನು ಗಂಟೆಯ ನಾಲಿಗೆಯ ಹಾಗೆ ತೂಗಿದಾಗ ಕತ್ತು ತಾನೇ ಇಳಿದು ನೀಳವಾಯಿತು. ಒದ್ದೆ ಮರದ ಸೌಟಿನಲ್ಲಿ ಒತ್ತಿದಾಗ ಹೊಟ್ಟೆ ಕೆಳಗೆ ಕೂತು ಅಗಲವಾಯಿತು, ರೊಟ್ಟಿಯ ಬುಟ್ಟಿಯಷ್ಟು. "ರಸ ಇಲ್ಲೀತನಕ ಅಷ್ಟ," ಎಂದು ಅಜ್ಜ ಹೊಟ್ಟೆಯ ನಡುವನ್ನು ತೋರಿಸಿದರು.

"ಅಜ್ಜಾರ, ಇಷ್ಟು ಅಗಲ ಮಾಡಿ ಅರ್ಧಕ್ಕ ಅಷ್ಟ ತುಂಬಸೂದೇನ್ರಿ? ಮ್ಯಾಲಿನದೆಲ್ಲಾ ಖಾಲಿ ಉಳಿತೈತಲ್ಲಾ?"

"ಆ ಖಾಲಿನ ಕೆಲಸ ಮಾಡೂದು. ರಸ ಸುಮ್ಮನ ಕೂಡತೈತಿ."

ಕೊನೆಗೆ ತುಟಿ. ಕತ್ತಿನ ತುದಿಯನ್ನು ಕತ್ತರಿಸಿ, ಬಿಸಿ ಮಾಡಿ, ಇಕ್ಕಳದಿಂದ ಒಂದೇ ಸಲ ಹೊರಗೆ ಬಾಗಿಸಿದ. ಗೊಲ್ಲಾಳನ ಕೈ ಮಾತ್ರ ಇನ್ನೂ ತುರಿಸುತ್ತಿತ್ತು.

"ಒಂದು ಮುಚ್ಚಳ ಮಾಡಿ ಅದರ ಮ್ಯಾಲ ಒಂದ ಸಣ್ಣ ನವಿಲು ಕೂಡಿಸ್ಲೇನ್ರಿ? ಭಾಳ ಸಣ್ಣದು."

"ಬೀಗರು ರಸ ಕುಡಿಯಾಕ ಬರ್ತಾರೋ, ನವಿಲು ನೋಡಾಕ ಬರ್ತಾರೋ?"

"ಕುಡಿಕೋತ ನೋಡಬಹುದಲ್ರಿ..."

ಅಜ್ಜ ನಕ್ಕರು. ಎಷ್ಟು ನಕ್ಕರೆಂದರೆ ಒಲೆಯ ಬೆಂಕಿಯೂ ಒಂದು ಸಲ ಕುಣಿಯಿತು. ನವಿಲು ಕೂರಲಿಲ್ಲ. ಹೂಜಿ ಬೆಚ್ಚಗಿನ ಬೂದಿಯೊಳಗೆ ಮಲಗಿತು.

ಬೀಗರು ಬಂದರು. ಬಂಡಿ ಬಂಡಿ ತುಂಬ ಬಂದರು. ದೊಡ್ಡ ಬೀಗ ಮೀಸೆಯ ಮೇಲೆ ಒಂದು ಟವೆಲ್ಲು ಬಿಗಿದುಕೊಂಡೇ ಬಂದಿದ್ದ.

"ಇದ್ಯಾಕ ಅಣ್ಣಾರ?" ಎಂದಳು ನೀಲಗಂಗವ್ವ.

"ಮುಂಜಾಗ್ರತಿ ಬೀಗತಿ, ಮುಂಜಾಗ್ರತಿ," ಎಂದ ಅವನು. ಬಂದವರೆಲ್ಲ ಗೊಳ್ಳೆಂದು ನಕ್ಕರು. ಅವರ ನಡುವೆ ಮಗಳು ಕೆಳಗೆ ನೋಡುತ್ತಾ ನಿಂತಿದ್ದಳು.

ಅಜ್ಜ ತಮ್ಮ ಮಜ್ಜಿಗೆ ಲೋಟದ ಸಮೇತ ಒಂದು ಮೂಲೆಯಲ್ಲಿ ಕೂತಿದ್ದರು. ಗೊಲ್ಲಾಳ ಕಂಬದ ಹಿಂದೆ.

ನೀಲಗಂಗವ್ವ ಹೂಜಿ ತಂದಿಟ್ಟಳು. ಬೂದಿಯಿಂದ ಎದ್ದ ಮೇಲೆ ಅದನ್ನು ಯಾರೂ ಸರಿಯಾಗಿ ನೋಡಿರಲಿಲ್ಲ, ನೋಡಲು ಅಂಥದ್ದೇನೂ ಇರಲಿಲ್ಲ. ಗರಿಯಿಲ್ಲ, ಸುತ್ತಿಲ್ಲ. ಅವಳು ಹೊಟ್ಟೆಯ ಅತಿ ಅಗಲದ ತನಕ ರಸ ಸುರಿದು ನಿಲ್ಲಿಸಿದಳು. ರಸ ಒಳಗೆ ಒಂದು ಸುತ್ತು ಹಾಕಿ, ಕೆಂಪಗೆ, ಅಗಲಕ್ಕೆ, ಕೆರೆಯ ಹಾಗೆ ಹರಡಿಕೊಂಡಿತು.

"ಅರ್ಧಕ್ಕ ಕೈ ಬಿಗಿ ಹಿಡಿದಿ ಏನು ಬೀಗತಿ?"

"ಸ್ವಲ್ಪ ತಡಿರಿ ಅಣ್ಣಾರ."

ತಡೆದರು. ಮಾತಾಡಿದರು, ಎಲೆ ಅಡಿಕೆ ಹಾಕಿದರು. ಗಸಿ ಸದ್ದಿಲ್ಲದೆ ತಳಕ್ಕಿಳಿಯಿತು. ಗೊಲ್ಲಾಳನ ಎದೆಯಲ್ಲಿ ಉಸಿರು ಹೋಗಲೋ ಬರಲೋ ಎಂದು ನಿಂತಿತ್ತು.

ದೊಡ್ಡ ಬೀಗ ತಾನೇ ಹೂಜಿ ಎತ್ತಿದ. ಕತ್ತು ಅವನ ಮುಷ್ಟಿಯಲ್ಲಿ ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕೂತಿತು. ಬಗ್ಗಿಸಿದ. ರಸ ಒಂದೇ ಎಳೆಯಾಗಿ ಇಳಿಯಿತು. ಗಸಿ ಹೂಜಿಯ ಹೆಗಲ ತನಕ ಬಂದು ಅಲ್ಲೇ ನಿಂತಿತು. ಎತ್ತಿದಾಗ ತುಟಿಯಲ್ಲಿ ಒಂದು ಕೊನೆಯ ಹನಿ ನಿಂತು, ಬೀಳಲೋ ಬೇಡವೋ ಎಂದು ಯೋಚಿಸಿ, ತಿರುಗಿ ಒಳಗೆ ಹೋಯಿತು.

ಬೀಗ ಟವೆಲ್ಲು ಬಿಚ್ಚಿದ. ಕುಡಿದ. ಕಣ್ಣು ಮುಚ್ಚಿದ.

ಎಲ್ಲರೂ ಅವನ ಮೀಸೆಯನ್ನೇ ನೋಡಿದರು.

ಮೀಸೆಯನ್ನು ಬೆರಳಲ್ಲಿ ಸವರಿ ನೋಡಿಕೊಂಡ. ಏನೂ ಇರಲಿಲ್ಲ. ಸೊಸೆಯ ಕಡೆ ತಿರುಗಿದ. "ಯವ್ವಾ, ನೀ ಇಂಥಾ ಮನ್ಯಾಕಿ ಅಂತ ಮೊದಲ ಹೇಳಬಾರದಾ?" ಆಮೇಲೆ ನೀಲಗಂಗವ್ವನ ಕಡೆ ತಿರುಗಿದ. "ಬೀಗತಿ, ನಿನಗ ಇನ್ನೊಬ್ಬಾಕಿ ಮಗಳು ಇದ್ರ ಹೇಳು. ನನಗ ಇನ್ನೂ ಒಬ್ಬ ಮಗ ಅದಾನ."

ಮನೆ ನಗೆಯಲ್ಲಿ ಹಾರಿಹೋಯಿತು. ಮಗಳು ತಲೆ ಎತ್ತಿ ಎಲ್ಲರಿಗಿಂತ ಜೋರಾಗಿ ನಕ್ಕಳು.

"ಯಾರು ಮಾಡಿದ್ದು ಈ ಹೂಜಿ?" ಎಂದು ಬೀಗ ಕೇಳಿದ.

ನೀಲಗಂಗವ್ವ ಕಂಬದ ಹಿಂದಿದ್ದವನನ್ನು ತೋಳು ಹಿಡಿದು ಮುಂದೆ ತಂದಳು. "ಇವನ. ನಾ ಒಪ್ಪಿದೆ ಅಜ್ಜಾರ. ಪೂರ್ತಿ ಒಪ್ಪಿದೆ."

ಗೊಲ್ಲಾಳ ಬಾಯಿ ತೆರೆದ. ಎದೆ ತುಂಬ ಉಸಿರೆಳೆದುಕೊಂಡ. ಗೊತ್ತಿದ್ದವರು ಲೋಟ ಭದ್ರವಾಗಿ ಹಿಡಿದುಕೊಂಡರು.

"ನಾ ಸ್ವಲ್ಪ ಊದಿದೆ ರೀ," ಎಂದ. "ಉಳಿದದ್ದು ಅದ ಬೆಳೀತು."

ಅಜ್ಜ ಮೂಲೆಯಿಂದ ಎದ್ದರು. "ನಾಳಿಂದ ಎರಡನೇ ಒಲಿಬಾಯಿ ನಿಂದು," ಎಂದು ಬಾಗಿಲ ಕಡೆ ನಡೆದರು.

ದಂಡೆಯ ಹಾದಿಯಲ್ಲಿ ಗೊಲ್ಲಾಳ ಅವರ ಹಿಂದೆ ಓಡಿದ. ಖುಷಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನೋಡಿದವರು ಅವನು ತಾನೇ ತನ್ನನ್ನು ಊದಿಕೊಂಡು ಹೋಗುತ್ತಿದ್ದಾನೆ ಅಂದುಕೊಂಡರು.

"ಅಜ್ಜಾರ, ಒಂದ ಮಾತು."

"ಕೇಳು."

"ಆ ಹೂಜಿಗೆ ಖರ್ಚಾದದ್ದು ಒಂದು ಚಿಟಿಕಿ ಉಸಿರು. ಜೀವನಪೂರ್ತಿ ಹೂಜಿ ಮಾಡಿದ್ರೂ ಒಂದು ಬುಟ್ಟಿ ಆಗೂದಿಲ್ಲ. ಎದ್ಯಾಗ ಇನ್ನೂ ಇಷ್ಟು ಉಳದೈತಿ. ಅದನ್ನೆಲ್ಲಾ ನಾ ಏನ ಮಾಡ್ಲಿ?"

ಕಲ್ಲಿನಾಥಜ್ಜ ಲೋಟದ ತಳದಲ್ಲಿದ್ದ ಮಜ್ಜಿಗೆ ಕುಡಿದು ಮುಗಿಸಿದರು.

"ನಗಾಕ ಇಟ್ಕೋ ತಮ್ಮಾ. ಅದಕ್ಕ ಎಷ್ಟಿದ್ರೂ ಸಾಲೂದಿಲ್ಲ."